ಮನೆ ಲೆಕ್ಕದಲ್ಲಿ ಕಾರಿಗೂ ಒಂದು ಪುಟ



ಹಾಲಿನ ಲೆಕ್ಕ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಸಿಲಿಂಡರ್ ಹಚ್ಚಿದ ತಾರೀಖನ್ನೂ ಗುರುತು ಹಾಕುತ್ತೇವೆ. ಆದರೆ ತಿಂಗಳಿಗೆ ಸಾವಿರಾರು ರೂಪಾಯಿ ಕುಡಿಯುವ ಕಾರಿನ ಲೆಕ್ಕ ಮಾತ್ರ "ಗಂಡಸರ ವಿಷಯ ಬಿಡ್ರೀ" ಎಂದು ಕೈಬಿಡುತ್ತೇವೆ. ಪೆಟ್ರೋಲ್ ದುಬಾರಿಯಾದಾಗ ಮೊದಲು ರದ್ದಾಗುವುದು ಯಾವುದು? ನಮ್ಮ ತವರಿನ ಪಯಣ, ಅತ್ತೆಯವರ ಕಣ್ಣಿನ ತಪಾಸಣೆ! ಹಾಗಾದರೆ ಲೆಕ್ಕವೂ ನಮ್ಮ ಕೈಯಲ್ಲಿರಲಿ.

ಲೆಕ್ಕ ಸುಲಭ. ಪಂಪಿನಲ್ಲಿ ಟ್ಯಾಂಕ್ ತುಂಬಿಸಿ. ನಳಿಕೆ ತಾನಾಗಿ ನಿಂತಾಗ ಸಾಕು ಅನ್ನಿ. ಮೀಟರಿನ ಕಿಲೋಮೀಟರ್ ಬರೆದಿಡಿ. ಮುಂದಿನ ಸಲವೂ ಹಾಗೆಯೇ ತುಂಬಿಸಿ, ಓಡಿದ ಕಿಲೋಮೀಟರನ್ನು ಈ ಸಲ ಹಿಡಿಸಿದ ಲೀಟರಿನಿಂದ ಭಾಗಿಸಿ. 420 ಕಿ.ಮೀ. ಓಡಿ 28 ಲೀಟರ್ ಹಿಡಿಸಿದರೆ ಲೀಟರಿಗೆ 15. ಐನೂರು ರೂಪಾಯಿಯದು, ಸಾವಿರದ್ದು ಎಂದು ಹಾಕಿಸುತ್ತಿದ್ದರೆ ಈ ಲೆಕ್ಕ ಸಿಗುವುದಿಲ್ಲ.

ಒಂದೇ ಸಲಕ್ಕೆ ತೀರ್ಪು ಕೊಡಬೇಡಿ. ಹಾವೇರಿಯಿಂದ ರಾಣೇಬೆನ್ನೂರಿಗೆ ಹೆದ್ದಾರಿಯಲ್ಲಿ ಓಡಿದ ಕಾರು ಹೆಚ್ಚು ಕೊಡುತ್ತದೆ, ಊರೊಳಗಿನ ಪೇಟೆಯಲ್ಲಿ ತೆವಳಿದ್ದು ಕಡಿಮೆ ಕೊಡುತ್ತದೆ. ನಾಲ್ಕು ಸಲದ್ದು ಕೂಡಿಸಿ ನೋಡಿ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಕಬ್ಬು, ನಮ್ಮ ಸೀಮೆಯ ಗೋವಿನಜೋಳದಂಥವುಗಳಿಂದ ತೆಗೆಯುವ ಇದಕ್ಕೆ ಪೆಟ್ರೋಲಿನಷ್ಟು ಕಸುವಿಲ್ಲ. ಹಳೆಯ ಕಾರುಗಳಲ್ಲಿ ಶೇಕಡಾ 6-7ರಷ್ಟು ಇಳಿಯಬಹುದೆಂದು 2021ರ ನೀತಿ ಆಯೋಗದ ವರದಿಯೇ ಹೇಳಿತ್ತು. ಅದಕ್ಕಿಂತ ಹೆಚ್ಚು ಇಳಿದರೆ ಟೈರು, ಬ್ರೇಕು ತೋರಿಸಿ. ಬ್ರೇಕು ಹಿಡಿದುಕೊಂಡೇ ಇದ್ದರೆ ಪೆಟ್ರೋಲ್ ಹೋಗುವುದಷ್ಟೇ ಅಲ್ಲ, ಜೀವಕ್ಕೂ ಅಪಾಯ.

ಇನ್ನು ಉಳಿತಾಯದ ದಾರಿ:

* ಹದಿನೈದು ದಿನಕ್ಕೊಮ್ಮೆ, ಗಾಡಿ ಓಡುವ ಮೊದಲೇ, ಟೈರಿನ ಗಾಳಿ ನೋಡಿಸಿ. ಎಷ್ಟಿರಬೇಕೆಂಬುದು ಹೆಚ್ಚಿನ ಕಾರುಗಳಲ್ಲಿ ಚಾಲಕರ ಬಾಗಿಲ ಬಳಿಯ ಚೀಟಿಯಲ್ಲಿರುತ್ತದೆ.

* ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ಹೊರಗೆ ಏಸಿ ಹಚ್ಚಿಕೊಂಡು ಕಾಯುವುದು ಬೇಡ. ನಿಂತ ಕಾರೂ ಗಂಟೆಗೆ ಅರ್ಧದಿಂದ ಒಂದು ಲೀಟರ್ ನುಂಗೀತು. ಡಿಕ್ಕಿಯಲ್ಲಿ ಮರೆತ ಚೀಲಗಳನ್ನೂ ಇಳಿಸಿ.

* ಇಂಧನ ಉಳಿತಾಯಕ್ಕೆಂದೇ 1978ರಲ್ಲಿ ಹುಟ್ಟಿದ ಪಿಸಿಆರ್‌ಎ ಸಂಸ್ಥೆ ಗಂಟೆಗೆ 45ರಿಂದ 55 ಕಿ.ಮೀ. ವೇಗ ಹಿತವೆನ್ನುತ್ತದೆ. ಹೆದ್ದಾರಿಯಲ್ಲಿ ಅಷ್ಟು ನಿಧಾನ ಆಗದಿದ್ದರೆ 100ರ ಬದಲು 80ರಲ್ಲಾದರೂ ಹೋಗಲಿ.

ಇಷ್ಟರಿಂದ 15 ಇದ್ದದ್ದು 16 ಆಯಿತು ಅನ್ನಿ. ತಿಂಗಳಿಗೆ 600 ಕಿ.ಮೀ. ಓಡುವ ಮನೆಗೆ ಎರಡೂವರೆ ಲೀಟರ್ ಉಳಿಯಿತು. ಮನೆಯವರ ಮುಂದೆ ಇದನ್ನು ಜಗಳಕ್ಕಲ್ಲ, ಲೆಕ್ಕಕ್ಕೆ ಇಡಿ. "ರಾಣೇಬೆನ್ನೂರಿನಿಂದ ಹಾವೇರಿಗೆ ಹೋಗಿಬರಲು ಸುಮಾರು 70 ಕಿಲೋಮೀಟರ್, ಐದು ಲೀಟರಿನೊಳಗೇ ಆಗತೈತಿ. ಭಾನುವಾರ ಅವ್ವನ್ನ ನೋಡಿಬರೂಣು" ಎಂದು ಹೇಳಿ ನೋಡಿ. ಪುಸ್ತಕದಲ್ಲಿ ಬರೆದಿಟ್ಟ ಅಂಕಿಗೆ ಎದುರು ಮಾತಿರುವುದಿಲ್ಲ.