ಹೆಸರಾಂತ ಗಡಿಯಾರಗಳ ನಕಲನ್ನು ಕೂಡಿಟ್ಟು ತಿದ್ದುವ ಹವ್ಯಾಸ ಸಾಧುವೇ?

ಪ್ರಖ್ಯಾತವಾದ ಸ್ವಿಸ್ ಕೈಗಡಿಯಾರಗಳನ್ನು ಅವುಗಳ ಹೆಸರು ಲಾಂಛನಗಳ ಸಮೇತವಾಗಿ ಅನುಕರಿಸಿ ಮಾರುವ ಕಾರ್ಖಾನೆಗಳು ಚೀಣದಲ್ಲಿವೆಯೆಂಬುದು ಲೋಕಕ್ಕೆಲ್ಲ ತಿಳಿದ ಸಂಗತಿ. ಅಷ್ಟಾಗಿ ತಿಳಿಯದಿರುವ ಸಂಗತಿಯೊಂದಿದೆ: ಆ ನಕಲುಗಳನ್ನು ಮೋಸಹೋಗಿ ಕೊಳ್ಳದೆ, ನಕಲೆಂದು ಚೆನ್ನಾಗಿ ಬಲ್ಲವರಾಗಿಯೇ ಕೊಂಡು, ಬಿಚ್ಚಿ, ಒಳಗಿನ ಯಂತ್ರವನ್ನು ಶುದ್ಧಿಮಾಡಿ, ಮುಳ್ಳು, ಡಯಲು, ಗಾಜುಗಳನ್ನು ಬದಲಾಯಿಸಿ, ಅಸಲಿಗೆ ಮತ್ತಷ್ಟು ಸಮೀಪಕ್ಕೆ ತರುವುದನ್ನೇ ಬಿಡುವಿನ ವೇಳೆಯ ಸಾಧನೆಯನ್ನಾಗಿ ಮಾಡಿಕೊಂಡವರು ಅನೇಕ ದೇಶಗಳಲ್ಲಿದ್ದಾರೆ. ಈ ಹವ್ಯಾಸವನ್ನು ಕುರಿತ ಎರಡು ಪಕ್ಷಗಳನ್ನೂ, ಆಯಾ ಪಕ್ಷದವನು ತಾನೇ ಎದ್ದುನಿಂತು ನುಡಿದರೆ ಎಷ್ಟು ಬಲವಾಗಿ ನುಡಿಯಬಹುದೋ ಅಷ್ಟೇ ಬಲದಿಂದ ಇಲ್ಲಿ ನಿರೂಪಿಸಲು ಯತ್ನಿಸಿದ್ದೇನೆ. ನನ್ನ ಒಲವು ಎರಡನೆಯ ಪಕ್ಷದ ಕಡೆಗಿದೆಯೆಂಬುದನ್ನು ಮರೆಮಾಚುವುದಿಲ್ಲ. ಆದರೆ ಮೊದಲನೆಯದನ್ನು ಕೇವಲ ಕಳ್ಳಮಾಲಿನ ಸಮರ್ಥನೆಯೆಂದು ತಳ್ಳಿಹಾಕುವವರು ಆ ಕೆಲಸವನ್ನು ಹತ್ತಿರದಿಂದ ಕಂಡವರಲ್ಲವೆಂದೇ ನನ್ನ ನಂಬಿಕೆ.

ಪರ

ಕೆಲಸವನ್ನು ನೋಡದೆ ಕೆಲಸಗಾರನನ್ನು ನಿಂದಿಸುವುದು ನ್ಯಾಯವಲ್ಲವಾದ್ದರಿಂದ, ಮೊದಲು ಈ ಹವ್ಯಾಸಿಯ ಮೇಜಿನ ಬಳಿಗೆ ಹೋಗೋಣ. ಗ್ವಾಂಗ್‌ಝೌ ನಗರದ ರೈಲು ನಿಲ್ದಾಣದ ಆಸುಪಾಸಿನ ಸಗಟು ಪೇಟೆಯಿಂದ ಹೊರಟುಬಂದ ರೋಲೆಕ್ಸ್ ಸಬ್‌ಮರೀನರಿನ ನಕಲೊಂದು ಅವನ ಮುಂದಿದೆ. ಹಿಂಬದಿಯ ಮುಚ್ಚಳವನ್ನು ತಿರುಪಿ ತೆಗೆದರೆ ಕಾಣುವುದು ಸ್ವಿಟ್ಜರ್ಲೆಂಡಿನ ಈಟಿಎ 2824 ಎಂಬ ಯಂತ್ರದ ಚೀಣೀ ಅನುಕೃತಿ. ಗಂಟೆಗೆ 28,800, ಎಂದರೆ ಸೆಕೆಂಡಿಗೆ ಎಂಟು ಮಿಡಿತ ಅದರ ಗತಿ. ಕೀಲಿ ಕೊಡುವ ಗುಂಡಿಯ ಕಡ್ಡಿಯ ಮಗ್ಗುಲಲ್ಲಿರುವ ಕಿರಿದಾದ ಗುಳಿಯನ್ನು ಸ್ಕ್ರೂಡ್ರೈವರಿನ ತುದಿಯಿಂದ ಮೆಲ್ಲಗೆ ಒತ್ತಿದರೆ ಕಡ್ಡಿ ಈಚೆಗೆ ಬರುತ್ತದೆ. ಒತ್ತಡ ತುಸು ಹೆಚ್ಚಾಯಿತೋ, ಒಳಗಿನ ಸನ್ನೆ ಸ್ಥಾನ ತಪ್ಪಿ, ಮುಳ್ಳು ಡಯಲುಗಳನ್ನೆಲ್ಲ ಕಳಚಿ ಅದನ್ನು ಮರಳಿ ಕೂರಿಸಬೇಕಾಗುತ್ತದೆ. ಅಲ್ಲಿಂದ ಮುಂದೆ ಮುಳ್ಳುಗಳನ್ನು ಡಯಲಿಗೆ ಗೀರು ಬೀಳದಂತೆ ಎತ್ತುವುದು, ಚಕ್ರಗಳನ್ನು ತೊಳೆಯುವುದು, ಕಾರ್ಖಾನೆಯವರು ಬೇಡದ ಕಡೆ ಸುರಿದು ಬೇಕಾದ ಕಡೆ ಮರೆತ ಎಣ್ಣೆಯನ್ನು ಒಂದೊಂದು ಕಲ್ಲಿನ ಗುಳಿಗೂ ಸೂಜಿಯ ಮೊನೆಯಷ್ಟಷ್ಟೇ ಮುಟ್ಟಿಸುವುದು. ಕಟ್ಟಕಡೆಗೆ ಮಿಡಿತವನ್ನು ಆಲಿಸಿ ಗತಿಯನ್ನು ಅಳೆಯುವ ಉಪಕರಣದ ಮೇಲೆ ಅದನ್ನಿಟ್ಟು, ಹೇರ್‌ಸ್ಪ್ರಿಂಗಿನ ಸನ್ನೆಯನ್ನು ಅತ್ತಿತ್ತ ಸರಿಸುತ್ತ ಹದಕ್ಕೆ ತರುವುದು. ಕ್ರೋನೋಮೀಟರ್ ಎಂಬ ಮನ್ನಣೆಗೆ ಸ್ವಿಸ್ ಪರೀಕ್ಷಾಸಂಸ್ಥೆಯು ವಿಧಿಸಿರುವ ಮಿತಿ ದಿನವೊಂದಕ್ಕೆ 4 ಸೆಕೆಂಡು ಹಿಂದೆ, 6 ಸೆಕೆಂಡು ಮುಂದೆ. ಅಗ್ಗದ ಯಂತ್ರವೊಂದನ್ನು ತನ್ನ ಕೈಚಳಕದಿಂದ ಆ ಮಿತಿಯೊಳಕ್ಕೆ ತಂದು ನಿಲ್ಲಿಸಿದವನಿಗೆ ಆಗುವ ಆನಂದವು, ಲಕ್ಷಾಂತರ ರೂಪಾಯಿ ತೆತ್ತು ಅಂಗಡಿಯ ಮಖಮಲ್ಲಿನ ಪೆಟ್ಟಿಗೆಯನ್ನು ಮನೆಗೆ ತಂದವನಿಗೆ ದೊರೆಯತಕ್ಕದ್ದಲ್ಲ.

ಈ ವಿದ್ಯೆಯನ್ನು ಅವನು ಬೇರೆಲ್ಲಿ ಕಲಿಯಬೇಕಾಗಿತ್ತು? ಅಸಲಿಯ ಮೇಲೆ ಪ್ರಯೋಗ ಮಾಡುವುದು ಧನಿಕನಿಗೂ ಸಾಹಸ. ಮೇಲಾಗಿ, ರೋಲೆಕ್ಸ್ ಸಂಸ್ಥೆಯು ತಾನು ಒಪ್ಪಿದ ಕಾರ್ಯಾಗಾರಗಳ ಹೊರಗಿನವರಿಗೆ ಬಿಡಿಭಾಗಗಳನ್ನು ಒದಗಿಸುವುದಿಲ್ಲ. ಹಣ ಕೊಟ್ಟು ಕೊಂಡವನ ವಸ್ತುವಿನ ಒಳಗನ್ನು ಅವನೇ ಕಾಣಬಾರದೆಂಬ ಈ ಏರ್ಪಾಟಿಗೆ ಎದುರಾಗಿ, ಆ ಮನೆತನದ 3135 ಎಂಬ ಯಂತ್ರದ ರಚನೆಯನ್ನು ಭಾಗಭಾಗವಾಗಿ ಬಿಡಿಸಿ ನೋಡುವ ಅವಕಾಶವನ್ನು ಸಾಮಾನ್ಯನಿಗೆ ಒದಗಿಸಿದ್ದು ನಕಲುಗಳೇ. ಯಂತ್ರರಚನೆಯ ಮೇಲೆ ನಿರ್ಮಾತೃವಿಗೆ ಶಾಶ್ವತವಾದ ಒಡೆತನವನ್ನು ಯಾವ ನ್ಯಾಯವೂ ಕೊಟ್ಟಿಲ್ಲ. ಈಟಿಎ 2824ರ ಪೇಟೆಂಟುಗಳ ಅವಧಿ ಮುಗಿದ ಬಳಿಕ ಸ್ವಿಟ್ಜರ್ಲೆಂಡಿನಲ್ಲಿಯೇ ಸೆಲಿಟಾ ಸಂಸ್ಥೆಯು ಅದರ ಪ್ರತಿರೂಪವನ್ನು ರಾಜಾರೋಷವಾಗಿ ತಯಾರಿಸುತ್ತಿದೆ. ಟಿಯಾಂಜಿನ್ನಿನ ಸೀಗಲ್ ಕಾರ್ಖಾನೆಯೂ ಅದನ್ನೇ ಮಾಡುತ್ತಿದೆ.

ಇಂದು ನಕಲಿನ ಹೆಸರೆತ್ತಿದರೆ ಕೆರಳುವ ಸ್ವಿಸ್ ಉದ್ಯಮದ ಪೂರ್ವಚರಿತ್ರೆಯನ್ನೂ ಸ್ಮರಿಸಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದ ವಾಲ್ಥಮ್ ಮೊದಲಾದ ಗಡಿಯಾರಗಳು ಕೀರ್ತಿಗೆ ಬಂದಾಗ, ಅವುಗಳನ್ನು ಹೋಲುವ ಹೆಸರುಗಳನ್ನು ಕೊರೆದ ಅಗ್ಗದ ಗಡಿಯಾರಗಳು ಹಡಗುಗಟ್ಟಲೆ ಸ್ವಿಟ್ಜರ್ಲೆಂಡಿನಿಂದಲೇ ಹೋದುವು. ಅನುಕರಣದಿಂದಲೇ ಕೈ ಪಳಗಿಸಿಕೊಂಡ ದೇಶವು ಅನುಕರಣವನ್ನು ಮಹಾಪಾತಕವೆಂದು ಸಾರುವುದು ಸಲ್ಲದು. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಚಿತ್ರಕಾರರು ಅನುಮತಿ ಪಡೆದು, ಮಹಾಕೃತಿಗಳ ಎದುರಿಗೆ ಚೌಕಟ್ಟನ್ನು ನಿಲ್ಲಿಸಿಕೊಂಡು, ಗೆರೆಗೆ ಗೆರೆ ಬಣ್ಣಕ್ಕೆ ಬಣ್ಣ ಅನುಕರಿಸುತ್ತಾರೆ. ಅವರನ್ನು ಯಾರೂ ಕಳ್ಳರೆನ್ನುವುದಿಲ್ಲ.

ಕಾನೂನಿನ ಮಾತೂ ಬರಲಿ. ಭಾರತದ 1999ರ ವ್ಯಾಪಾರಚಿಹ್ನೆ ಅಧಿನಿಯಮದ 103ನೆಯ ಪ್ರಕರಣವು ಸುಳ್ಳು ಚಿಹ್ನೆಯನ್ನು ಹಚ್ಚುವವನಿಗೆ ಆರು ತಿಂಗಳಿಂದ ಮೂರು ವರ್ಷದ ಸೆರೆವಾಸವನ್ನೂ, 50,000ದಿಂದ 2,00,000 ರೂಪಾಯಿಯವರೆಗಿನ ದಂಡವನ್ನೂ ವಿಧಿಸುತ್ತದೆ. ಆದರೆ ವಂಚಿಸುವ ಉದ್ದೇಶ ತನಗಿರಲಿಲ್ಲವೆಂದು ರುಜುಪಡಿಸಿದವನನ್ನು ಬಿಟ್ಟುಬಿಡುತ್ತದೆ. ಅಪರಾಧದ ಬೇರು ವಸ್ತುವಿನಲ್ಲಿಲ್ಲ, ವಂಚನೆಯ ಸಂಕಲ್ಪದಲ್ಲಿದೆ ಎಂಬುದನ್ನು ಶಾಸನವೇ ಅಂಗೀಕರಿಸಿದಂತಾಯಿತು. ಮಾರದೆ, ಅಸಲಿಯೆಂದು ಯಾರಿಗೂ ಹೇಳದೆ, ಕೇಳಿದವರಿಗೆ ನಕಲೆಂದೇ ಉತ್ತರ ಕೊಟ್ಟು, ತನ್ನ ಕೋಣೆಯಲ್ಲಿ ತನ್ನ ದೀಪದಡಿಯಲ್ಲಿ ದುಡಿಯುವವನಿಂದ ಹಾನಿಗೊಳಗಾದವನು ಯಾರೆಂಬುದನ್ನು ವಿರೋಧಪಕ್ಷದವರು ಬೆರಳು ಮಾಡಿ ತೋರಿಸಲಿ.

ವಿರೋಧ

ಪರಪಕ್ಷದ ಮಾತಿನಲ್ಲಿ ಒಪ್ಪತಕ್ಕ ಭಾಗವನ್ನು ಮೊದಲೇ ಒಪ್ಪಿಬಿಡುತ್ತೇನೆ. ಯಂತ್ರವು ಎಲ್ಲರ ಸ್ವತ್ತು. ಪೇಟೆಂಟಿನ ಅವಧಿ ಕಳೆದ ರಚನೆಯನ್ನು ಅನುಕರಿಸುವುದರಲ್ಲಿ ದೋಷವಿಲ್ಲ. ಬಿಚ್ಚಿ ನೋಡಿ ಕಲಿಯುವ ಕುತೂಹಲವು ಶ್ಲಾಘ್ಯವಾದದ್ದು. ಬಿಡಿಭಾಗಗಳನ್ನು ಬಚ್ಚಿಡುವ ಸಂಸ್ಥೆಗಳ ನೀತಿ ನನಗೂ ಮೆಚ್ಚಿಗೆಯಾಗಿಲ್ಲ. ಆದರೆ ಅವರು ಕೊಟ್ಟ ಲೂವ್ರಿನ ದೃಷ್ಟಾಂತವು ಅರ್ಧಕ್ಕೇ ನಿಂತಿತು. ಅಲ್ಲಿ ಅನುಕರಿಸುವವನ ಚಿತ್ರಪಟವು ಮೂಲಕ್ಕಿಂತ ಐದನೆಯ ಒಂದು ಪಾಲಾದರೂ ಹಿರಿದಾಗಿಯೋ ಕಿರಿದಾಗಿಯೋ ಇರತಕ್ಕದ್ದೆಂದೂ, ಮೂಲ ಚಿತ್ರಕಾರನ ಸಹಿಯನ್ನು ಅದರ ಮೇಲೆ ಬರೆಯಕೂಡದೆಂದೂ ನಿಯಮವಿದೆ; ಪಟದ ಬೆನ್ನಿಗೆ ಸಂಗ್ರಹಾಲಯದ ಮುದ್ರೆಯೂ ಬೀಳುತ್ತದೆ. ಬಣ್ಣವನ್ನು ಅನುಕರಿಸು, ರೇಖೆಯನ್ನು ಅನುಕರಿಸು, ಸಹಿಯನ್ನು ಮಾತ್ರ ಮುಟ್ಟಬೇಡ ಎಂಬುದು ಅಲ್ಲಿಯ ಕಟ್ಟು. ನಮ್ಮ ಹವ್ಯಾಸಿಯ ಡಯಲಿನ ಮೇಲೆ ಹನ್ನೆರಡರ ಕೆಳಗೆ ಕಂಗೊಳಿಸುವ ಕಿರೀಟವೂ ಅದರಡಿಯ ಹೆಸರೂ ಸಹಿಯಲ್ಲದೆ ಮತ್ತೇನು?

ಇನ್ನು ಅವನ ಕೌಶಲ್ಯವು ಯಾವ ದಿಕ್ಕಿಗೆ ಹರಿಯುತ್ತದೆಂಬುದನ್ನು ನೋಡಬೇಕು. ಯಂತ್ರವನ್ನು ತೊಳೆದು ಗತಿಯನ್ನು ಹದಗೊಳಿಸುವುದು ಅವನ ಸಾಧನೆಯ ಮೊದಲ ಮೆಟ್ಟಿಲು ಮಾತ್ರ. ಪಳಗಿದಂತೆಲ್ಲ ಅವನು ಮಾಡತೊಡಗುವ ಕೆಲಸವೇ ಬೇರೆ: ಗುಂಡಿಯ ಇಕ್ಕೆಲದ ಉಕ್ಕಿನ ಅಂಚುಗಳ ಓರೆ ಅಸಲಿಯಂತಿಲ್ಲವೆಂದು ಅರದಿಂದ ಉಜ್ಜಿ ತಿದ್ದುವುದು, ಹಳೆಯ ಮಾದರಿಯ ನಕಲಾದರೆ, ಡಯಲಿನ ಸುತ್ತಣ ಅಲ್ಯೂಮಿನಿಯಮ್ ಬಳೆಯ ಕರಿಯ ಬಣ್ಣವನ್ನು ಬ್ಲೀಚಿನಲ್ಲಿ ಅದ್ದಿ, ನಲವತ್ತು ವರ್ಷದ ಬಿಸಿಲಿಗೆ ಮಾಸಿದಂತೆ ಬೂದಿಬಣ್ಣಕ್ಕೆ ತಿರುಗಿಸುವುದು, ಕತ್ತಲೆಯಲ್ಲಿ ಹೊಳೆಯುವ ಲೇಪವನ್ನು ಕೆರೆದು, ಟ್ರಿಟಿಯಮ್ ಮುಪ್ಪಾದಾಗ ಬರುವ ಕೆನೆಹಳದಿಯನ್ನು ಹೊಸದಾಗಿ ಹಚ್ಚುವುದು, ಅಸಲಿ ಗಾಜನ್ನೂ ಅಸಲಿ ಗುಂಡಿಯನ್ನೂ ಹುಡುಕಿ ತಂದು ಜೋಡಿಸುವುದು. ಇವುಗಳಲ್ಲಿ ಒಂದಾದರೂ ಗಡಿಯಾರವು ಕಾಲವನ್ನು ಸರಿಯಾಗಿ ತೋರಿಸುವುದಕ್ಕೆ ನೆರವಾಗುವುದಿಲ್ಲ. ನಕಲನ್ನು ನಕಲೆಂದು ಗುರುತಿಸುವ ಚಿಹ್ನೆಗಳನ್ನು ಒಂದೊಂದಾಗಿ ಅಳಿಸುವುದೇ ಇಲ್ಲಿ ಪಾಂಡಿತ್ಯವಾಗಿದೆ. ಅನುಭವಿಯಾದ ಗಡಿಯಾರ ರಿಪೇರಿಯವನೂ ಮೋಸಹೋದನೆಂಬುದು ಈ ಮಂಡಲಿಯಲ್ಲಿ ಅತ್ಯುಚ್ಚ ಪ್ರಶಂಸೆ. ವಂಚನೆಯ ಸಂಕಲ್ಪ ನನಗಿಲ್ಲವೆಂದು ಹೇಳುವವನು ವಂಚನೆಯ ಸಾಮರ್ಥ್ಯವನ್ನೇ ತನ್ನ ಕೃತಿಯ ಅಳತೆಗೋಲಾಗಿ ಇಟ್ಟುಕೊಂಡಿದ್ದಾನೆ. ಶಾಸನವು ಸಂಕಲ್ಪವನ್ನು ನೋಡುತ್ತದೆಂಬುದು ನಿಜ. ಸಂಕಲ್ಪವಿರಲಿಲ್ಲವೆಂದು ರುಜುಪಡಿಸುವ ಹೊರೆಯನ್ನು ಅವನ ತಲೆಯ ಮೇಲೆಯೇ ಇಟ್ಟಿದೆಯೆಂಬುದನ್ನೂ ಮರೆಯಲಾಗದು.

ಅಸಲಿಗೂ ನಕಲಿಗೂ ನಡುವಣ ಈ ಹೋರಾಟ ಹೊಸದಲ್ಲ. ಪ್ಯಾರಿಸ್ಸಿನ ಗಡಿಯಾರಗಳ ಮಹಾಶಿಲ್ಪಿ ಅಬ್ರಹಾಂ ಲೂಯಿ ಬ್ರೆಗೆಯು ತನ್ನ ಹೆಸರಿನ ಕಳ್ಳ ಗಡಿಯಾರಗಳ ಹಾವಳಿಯನ್ನು ತಾಳಲಾರದೆ, 1795ರ ಸುಮಾರಿಗೆ, ಓರೆಬೆಳಕಿನಲ್ಲಿ ಹಿಡಿದರೆ ಮಾತ್ರ ಕಾಣುವಷ್ಟು ನವಿರಾದ ಗುಪ್ತ ಸಹಿಯೊಂದನ್ನು ಡಯಲಿನ ಮೇಲೆ ಕೊರೆಯಿಸತೊಡಗಿದನು. ಎರಡು ಶತಮಾನಗಳ ಬಳಿಕ ರೋಲೆಕ್ಸಿನವರು ಆರರ ಅಂಕೆಯ ನೇರಕ್ಕೆ ಗಾಜಿನೊಳಗೆ ಕಣ್ಣಿಗೆ ಬೀಳದಷ್ಟು ಕಿರಿದಾದ ಕಿರೀಟವನ್ನು ಕೊರೆದರು. ನಕಲಿನವರು ಅದನ್ನೂ ಕೊರೆದರು. ಪರಪಕ್ಷದವರು ಹೇಳಿದಂತೆ ಸ್ವಿಸ್ ಕುಶಲಕರ್ಮಿಗಳು ವಾಲ್ಥಮಿನ ಹೆಸರನ್ನು ಹೋಲಿಸಿ ಕೊರೆದದ್ದು ಸತ್ಯ. ಅದರಿಂದ ಅವರು ಕಲಿತದ್ದೇನೂ ಇಲ್ಲ. ಫಿಲಡೆಲ್ಫಿಯದ 1876ರ ವಸ್ತುಪ್ರದರ್ಶನವನ್ನೂ ಅಮೆರಿಕದ ಕಾರ್ಖಾನೆಗಳನ್ನೂ ಕಣ್ಣಾರೆ ಕಂಡು ಬಂದ ಜಾಕ್ ದಾವಿದ್ ಎಂಬ ಎಂಜಿನಿಯರು, ಅಲ್ಲಿಯ ಯಂತ್ರಕ್ರಮವನ್ನು ನಾವೂ ಕೈಕೊಳ್ಳದಿದ್ದರೆ ಉಳಿವಿಲ್ಲವೆಂದು ವರದಿ ಬರೆದನು. ಸ್ವಿಸ್ ಉದ್ಯಮವನ್ನು ಎತ್ತಿದ್ದು ಆ ಬಗೆಯ ಕಲಿಕೆ.

ಹಾನಿಗೊಳಗಾದವನನ್ನು ತೋರಿಸಿರೆಂದು ಕೇಳಿದರು. ಗಡಿಯಾರವು ಒಡೆಯನಿಗಿಂತ ದೀರ್ಘಾಯುಷಿ. ನಕಲೆಂದು ಬಾಯಿಮಾತಿನಲ್ಲಿ ಹೇಳುತ್ತಿದ್ದವನು ತೀರಿಕೊಂಡ ಮೇಲೆ, ಅವನ ಮೇಜಿನ ಸೆಳೆಖಾನೆಯಿಂದ ಅದನ್ನು ತೆಗೆದ ಮಗಳಿಗೆ ಆ ಮಾತು ಕೇಳಿಸುವುದಿಲ್ಲ. ಅವಳಿಂದ ಕೊಂಡವನಿಗೆ ಇನ್ನೂ ಕೇಳಿಸುವುದಿಲ್ಲ. ಡಯಲಿನ ಮೇಲಿನ ಅಕ್ಷರ ಮಾತ್ರ ಮಾತಾಡುತ್ತಿರುತ್ತದೆ. ಆ ಅಕ್ಷರಕ್ಕೂ ಡಯಲಿಗೂ ಪೇಟೆಯಲ್ಲಿ ಎಂತಹ ತೂಕವೆಂಬುದಕ್ಕೆ ರೋಲೆಕ್ಸಿನ ಡೇಟೋನಾ ಗಡಿಯಾರವೇ ಸಾಕ್ಷಿ: ಅದೇ ಯಂತ್ರ, ಅದೇ ಉಕ್ಕು ಇದ್ದರೂ, ನಟ ಪಾಲ್ ನ್ಯೂಮನ್ನನ ಹೆಸರಿನಿಂದ ಕರೆಯುವ ವಿಶಿಷ್ಟ ಡಯಲಿದ್ದರೆ ಬೆಲೆ ಹಲವು ಪಟ್ಟು ಏರುತ್ತದೆ. ಆತನ ಸ್ವಂತ ಗಡಿಯಾರವು 2017ರಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ 1,77,52,500 ಡಾಲರಿಗೆ ಹೋಯಿತು.

ಈ ಹಾನಿಯನ್ನು ಕಾಣಲು ಜಿನೀವಕ್ಕೆ ಹೋಗಬೇಕಾದುದಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಎಚ್‌ಎಮ್‌ಟಿ ಗಡಿಯಾರದ ಕಾರ್ಖಾನೆ, ಆಮೇಲೆ ತುಮಕೂರಿನ ಘಟಕ, ಇವುಗಳ ಬಾಳು ಮುಗಿದು, 2016ರಲ್ಲಿ ಕಂಪನಿಯನ್ನು ಮುಚ್ಚಲು ಸರ್ಕಾರ ನಿರ್ಣಯಿಸಿದ ಬಳಿಕ, ಹಳೆಯ ಜನತಾ, ಪೈಲಟ್ ಗಡಿಯಾರಗಳಿಗೆ ಇದ್ದಕ್ಕಿದ್ದಂತೆ ಬೇಡಿಕೆ ಹುಟ್ಟಿತು. ಅದರ ಬೆನ್ನಿಗೇ, ಸವೆದ ಜನತಾ ಯಂತ್ರಗಳಿಗೆ ಹೊಸದಾಗಿ ಅಚ್ಚುಹಾಕಿದ ಪೈಲಟ್ ಡಯಲುಗಳನ್ನು ತೊಡಿಸಿ, ಆ ಕಾರ್ಖಾನೆ ಎಂದೂ ಕಾಣದ ಬಣ್ಣಗಳಲ್ಲಿ ಮಾರುವ ಕಸುಬು ಬೆಳೆಯಿತು. ಆ ಕಾರ್ಖಾನೆಯಿದ್ದ ಜಾಲಹಳ್ಳಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆಯುಷ್ಯವನ್ನೇ ಸವೆಸಿದ ಹೆಣ್ಣುಮಕ್ಕಳು ಗಂಡಸರು ನಿಜವಾಗಿ ಏನನ್ನು ಮಾಡಿದರು, ಏನನ್ನು ಮಾಡಲಿಲ್ಲ ಎಂಬ ಚರಿತ್ರೆಯೇ ಈ ಡಯಲುಗಳಡಿಯಲ್ಲಿ ಹೂತುಹೋಗುತ್ತಿದೆ. ನನಗೆ ರೋಲೆಕ್ಸಿನ ಲಾಭನಷ್ಟಕ್ಕಿಂತ ಇದು ಬಹಳ ಹೆಚ್ಚಿನ ದುಃಖವನ್ನು ಕೊಡುತ್ತದೆ.

ಹಾಗಾದರೆ ಹಳೆಯದನ್ನು ಮುಟ್ಟಲೇಬಾರದೆ? ಅಮೆರಿಕದ ನ್ಯಾಯಾಲಯಗಳು ಈ ಎಲ್ಲೆಯನ್ನು ಸೊಗಸಾಗಿ ಗುರುತಿಸಿವೆ. ಕೊಲರಾಡೊದ ವೋರ್ಟಿಕ್ ಎಂಬ ಚಿಕ್ಕ ಸಂಸ್ಥೆ, ಹ್ಯಾಮಿಲ್ಟನ್ ಕಂಪನಿಯ ನೂರು ವರ್ಷದ ಜೇಬುಗಡಿಯಾರಗಳ ಯಂತ್ರವನ್ನು ಉದ್ಧರಿಸಿ, ಹೊಸ ಕವಚದಲ್ಲಿ ಕೂರಿಸಿ, ಕೈಗಡಿಯಾರವಾಗಿ ಮಾರುತ್ತಿತ್ತು. ಹ್ಯಾಮಿಲ್ಟನ್ನಿನವರು ದಾವೆ ಹೂಡಿದರು. ಯಾವುದು ಹಳೆಯದು, ಯಾವುದು ತಾವು ಮಾಡಿದ್ದು ಎಂಬುದನ್ನು ವೋರ್ಟಿಕ್ ಸ್ಪಷ್ಟವಾಗಿ ಹೇಳಿದೆ, ತನ್ನ ಹೆಸರನ್ನೂ ಗಡಿಯಾರದ ಮೇಲೆಯೇ ಕೊರೆದಿದೆ, ಆದ್ದರಿಂದ ಗ್ರಾಹಕನಿಗೆ ಭ್ರಾಂತಿಯಿಲ್ಲವೆಂದು ಮೇಲ್ಮನವಿಯ ನ್ಯಾಯಾಲಯವೂ 2021ರಲ್ಲಿ ಆ ಚಿಕ್ಕ ಸಂಸ್ಥೆಯ ಪರವಾಗಿಯೇ ತೀರ್ಪಿತ್ತಿತು. ಅಸಲಿ ರೋಲೆಕ್ಸುಗಳಿಗೆ ಹೊರಗಿನ ಬಿಡಿಭಾಗಗಳನ್ನು ಜೋಡಿಸಿ ರೋಲೆಕ್ಸಿನ ಹೆಸರಿನಲ್ಲಿಯೇ ಮಾರುತ್ತಿದ್ದ ಬೆಕರ್‌ಟೈಮ್ ಎಂಬ ವ್ಯಾಪಾರಿಗೆ ಮಾತ್ರ 2024ರ ಮೇಲ್ಮನವಿಯ ತೀರ್ಪು ವಿರುದ್ಧವಾಯಿತು.

ಕೈಕೆಲಸವನ್ನೇ ಪ್ರೀತಿಸುವವನಿಗೆ ದಾರಿ ಮುಚ್ಚಿಲ್ಲ. ಸೀಕೋ ಸಂಸ್ಥೆಯ ಎನ್‌ಎಚ್35 ಎಂಬ ಯಂತ್ರವು ಯಾರಿಗೆ ಬೇಕಾದರೂ ನ್ಯಾಯವಾಗಿಯೇ ದೊರೆಯುತ್ತದೆ. ಅದಕ್ಕೆ ಹೊಂದುವ ಕವಚ, ಗಾಜು, ಮುಳ್ಳು, ಹೆಸರಿಲ್ಲದ ಡಯಲು ಎಲ್ಲವೂ ಬಿಡಿಬಿಡಿಯಾಗಿ ಸಿಕ್ಕುತ್ತವೆ. ಎಣ್ಣೆಯ ಸೂಜಿ, ಗತಿಯ ಉಪಕರಣ, ರಾತ್ರಿಯ ದೀಪ, ಪರಪಕ್ಷದವರು ಬಣ್ಣಿಸಿದ ಆನಂದ, ಯಾವುದಕ್ಕೂ ಅಲ್ಲಿ ಕೊರತೆಯಿಲ್ಲ. ಈಗಾಗಲೇ ನಕಲನ್ನು ಕೂಡಿಟ್ಟುಕೊಂಡವನೂ ಅದರ ಡಯಲನ್ನು ಕಳಚಿ ಅನಾಮಧೇಯವಾದ ಡಯಲೊಂದನ್ನು ಹಾಕಲಿ, ಮುಚ್ಚಳದ ಒಳಮೈಯಲ್ಲಿ ಯಂತ್ರ ಎಲ್ಲಿಯದು, ತಿದ್ದಿದವನು ಯಾರು, ಯಾವ ವರ್ಷ ಎಂಬುದನ್ನು ಕೊರೆಯಲಿ. ಅಷ್ಟನ್ನು ಮಾಡಿದ ದಿನ ಅವನ ಮೇಲಣ ನನ್ನ ಆಕ್ಷೇಪವನ್ನೆಲ್ಲ ಹಿಂದಕ್ಕೆ ತೆಗೆದುಕೊಂಡು, ಆ ಗಡಿಯಾರವನ್ನು ಕೇಳಿ ಪಡೆದು ನೋಡಲು ನಾನೇ ಹೋಗುತ್ತೇನೆ.