ದೊಡ್ಡ ಸಂಖ್ಯೆಯೂ ನಮ್ಮ ಆಲೆಮನೆಯೂ

ಚಿನಕುರಳಿಯ ನಮ್ಮ ಆಲೆಮನೆಯಲ್ಲಿ ಬೆಲ್ಲದ ಅಚ್ಚುಗಳನ್ನು ಸಾಲಾಗಿ ಜೋಡಿಸುವ ಕೆಲಸ ಚಿಕ್ಕಂದಿನಲ್ಲಿ ನನ್ನ ಪಾಲಿಗೆ ಬರುತ್ತಿತ್ತು. 30 ಅಚ್ಚುಗಳಾದರೆ ಐದೈದರ ಆರು ಸಾಲೋ ಹತ್ತುಹತ್ತರ ಮೂರು ಸಾಲೋ ಚೊಕ್ಕವಾಗಿ ಕೂಡುತ್ತಿದ್ದುವು. 31 ಆದರೆ ಏನು ಮಾಡಿದರೂ ಹೊಂದದು. ಉದ್ದಕ್ಕೆ ಒಂದೇ ಸಾಲು ಇಡಬೇಕು. ಇಂಥ ಮೊಂಡು ಸಂಖ್ಯೆಗಳನ್ನು ಅವಿಭಾಜ್ಯವೆನ್ನುತ್ತಾರೆಂದು ತಿಳಿದದ್ದು ಆಮೇಲೆ.

ಐದು ಎರಡುಗಳನ್ನು ಒಂದಕ್ಕೊಂದು ಗುಣಿಸಿ ಒಂದು ಕಳೆದರೆ ಈ 31 ಬರುತ್ತದೆ. ಹಾಗೆಯೇ 13,62,79,841 ಎರಡುಗಳನ್ನು ಗುಣಿಸಿ ಒಂದು ಕಳೆದರೆ ಬರುವ ಸಂಖ್ಯೆಯೂ ಅವಿಭಾಜ್ಯವೆಂದು 2024ರ ಅಕ್ಟೋಬರಿನಲ್ಲಿ ಅಮೆರಿಕದ ಲ್ಯೂಕ್ ಡ್ಯುರಾಂಟ್ ಎಂಬವರು ಕಂಡುಹಿಡಿದರು. ಅದುವರೆಗೆ ತಿಳಿದವುಗಳಲ್ಲೆಲ್ಲ ಅದೇ ದೊಡ್ಡದು. ಅದರಲ್ಲಿ 4,10,24,320 ಅಂಕಿಗಳಿವೆ. ಪುಟಕ್ಕೆ ಎರಡು ಸಾವಿರದಂತೆ ಅಚ್ಚುಹಾಕಿದರೂ ಇಪ್ಪತ್ತು ಸಾವಿರ ಪುಟ ಮೀರುತ್ತದೆ. (ಸಂಪಾದಕರು ಹೆದರಬೇಕಾಗಿಲ್ಲ, ನಾನು ಅದನ್ನು ಕಳುಹಿಸಿಲ್ಲ.)

ಆದರೂ ಅದರ ಕೊನೆಯ ಅಂಕಿಯನ್ನು ನಾನು ಕುಳಿತಲ್ಲೇ ಹೇಳಬಲ್ಲೆ. ಎರಡರ ಘಾತಗಳ ಕೊನೆಯಂಕಿ 2, 4, 8, 6 ಎಂದು ಸುತ್ತುತ್ತದೆ. 13,62,79,841ನ್ನು ನಾಲ್ಕರಿಂದ ಭಾಗಿಸಿದರೆ ಶೇಷ 1; ಆದ್ದರಿಂದ ಘಾತದ ಕೊನೆ 2, ಒಂದು ಕಳೆದರೆ 1. ಕಾಣದ ನಾಲ್ಕು ಕೋಟಿ ಅಂಕಿಗಳ ಕೊನೆ ಹೀಗೆ ಕೈಗೆ ಸಿಕ್ಕಿದ ದಿನ ನನಗೆ ನಿದ್ರೆ ಬರಲಿಲ್ಲ. ಈ ಜಾತಿಯ ಸಂಖ್ಯೆ ಅವಿಭಾಜ್ಯವಾಗಬೇಕಾದರೆ ಘಾತವೂ ಅವಿಭಾಜ್ಯವಾಗಿರಬೇಕು. ಅಷ್ಟೇ ಸಾಲದು: ಹನ್ನೊಂದು ಎರಡುಗಳಿಂದ ಬರುವ 2047 ಎಂಬುದು 23ರ 89ರಷ್ಟು!

“ಇದರಿಂದ ಪ್ರಯೋಜನವೇನು?” ಎಂದು ಗೆಳೆಯರು ಕೇಳುತ್ತಾರೆ. ಬ್ಯಾಂಕಿನ ಗುಪ್ತಲಿಪಿಗೆ ಬೇಕೆಂದು ಕೆಲವರು ಉತ್ತರಿಸುವುದುಂಟು. ಅದು ಸರಿಯಲ್ಲ. ಗುಪ್ತಲಿಪಿಗೆ ಕೆಲವು ನೂರು ಅಂಕಿಗಳ ಅವಿಭಾಜ್ಯಗಳೇ ಸಾಕು. ಈ ದೈತ್ಯ ಅಲ್ಲಿ ನಿರುಪಯೋಗಿ. ಹುಸಿ ಪ್ರಯೋಜನ ಹೇಳಿ ಗಣಿತವನ್ನು ಉಳಿಸಹೊರಡುವುದು ನನಗೆ ಒಪ್ಪಿಗೆಯಿಲ್ಲ. ಯೂಕ್ಲಿಡ್ ಎರಡು ಸಾವಿರ ವರ್ಷಗಳಿಗೂ ಹಿಂದೆ ಕೊಟ್ಟ ವಾದವನ್ನು ನೋಡಿ: ನಿಮಗೆ ತಿಳಿದ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಕೂಡಿಸಿರಿ. ಅವುಗಳಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಅಂದಮೇಲೆ ನಿಮ್ಮ ಪಟ್ಟಿಯಲ್ಲಿಲ್ಲದ ಅವಿಭಾಜ್ಯವೊಂದು ಇರಲೇಬೇಕು. ಡ್ಯುರಾಂಟರ ಸಂಖ್ಯೆಯೂ ಕೊನೆಯದಲ್ಲ. ಇದನ್ನರಿಯಲು ಯಂತ್ರ ಬೇಡ.

ನಮ್ಮ ಮಂಡ್ಯದಲ್ಲೇ 1933ರಲ್ಲಿ ಹುಟ್ಟಿದ ಕೆ. ರಾಮಚಂದ್ರ ಅವರು ಮುಂಬಯಿಯ ಟಾಟಾ ಸಂಶೋಧನ ಸಂಸ್ಥೆಯಲ್ಲಿದ್ದು, ಚಿಕ್ಕ ಅಂತರದೊಳಗಿನ ಸಂಖ್ಯೆಗಳಲ್ಲಿ ಎಷ್ಟು ದೊಡ್ಡ ಅವಿಭಾಜ್ಯ ಅಪವರ್ತನ ಸಿಕ್ಕೀತೆಂಬುದನ್ನು 1969ರಲ್ಲಿ ಲೇಖನವಾಗಿ ಪ್ರಕಟಿಸಿದರು. 1978ರಲ್ಲಿ ಹಾರ್ಡಿ–ರಾಮಾನುಜನ್ ಪತ್ರಿಕೆಯನ್ನು ಆರಂಭಿಸಿದವರಲ್ಲಿ ಅವರೊಬ್ಬರು. 2011ರಲ್ಲಿ ತೀರಿಕೊಂಡರು. ಅವರ ಹೆಸರನ್ನು ನಮ್ಮ ತರಗತಿಯಲ್ಲಿ ಕೇಳಿದಾಗ ಒಂದು ಕೈಯೂ ಏಳಲಿಲ್ಲ.

ಬಿ.ಎ.ಯಲ್ಲಿ ಗಣಿತವನ್ನು ಐಚ್ಛಿಕವಾಗಿ ತೆಗೆದುಕೊಂಡವರು ಈ ವರ್ಷ ಮೂವರೇ. ಸಂಖ್ಯೆ ಕಡಮೆಯೆಂದು ಬರುವ ವರ್ಷ ವಿಷಯವನ್ನೇ ನಿಲ್ಲಿಸುವ ಮಾತಿದೆ. ನಿಲ್ಲಿಸುವ ಮೊದಲು ಕನ್ನಡ, ಇತಿಹಾಸ ಓದುವ ಮಿತ್ರರ ಮುಂದೆ ಯೂಕ್ಲಿಡನ ಆ ವಾದವನ್ನು ಹೇಳಲು ನಮ್ಮ ಅಧ್ಯಾಪಕರಿಗೆ ಒಂದು ಪೀರಿಯಡ್ ಕೊಡಬೇಕೆಂದು ಕೇಳುತ್ತೇನೆ. ಬೆಲ್ಲದಚ್ಚುಗಳನ್ನು ನಾನು ತರುತ್ತೇನೆ, 31.