ಕಾಕಾನ ಆಡು, ಬೇಕರಿಯ ಯೀಸ್ಟು

ಹುಬ್ಬಳ್ಳಿಯಿಂದ ನರಗುಂದ, ರೋಣ ದಾಟಿ ಗಜೇಂದ್ರಗಡ ಮುಟ್ಟೋ ಹೊತ್ತಿಗೆ ಸಂಜೆಯಾಗಿತ್ತು. ದಡ್ಡಿ ಮುಂದೆ ಕಾಕಾ ಸುಮ್ಮನೆ ಕೂತಿದ್ರು. ಹನ್ನೊಂದು ಆಡುಗಳಲ್ಲಿ ನಾಲ್ಕೇ ಉಳಿದಿದ್ದವು. ಜ್ವರ, ಕೆಮ್ಮು, ಏದುಸಿರು. ಎಂಟು ದಿನದಲ್ಲಿ ಎಲ್ಲಾ ಮುಗಿದಿತ್ತು.

"ತಮ್ಮಾ, ಕಂಪ್ಯೂಟರಿನ್ಯಾಗ ಏನೇನೋ ರಿಪೇರಿ ಮಾಡ್ತಿ. ಈ ರೋಗದ ಹುಳಾ ರಿಪೇರಿ ಮಾಡಾಕ ಬರೂದಿಲ್ಲೇನು?" ಅಂದ್ರು.

ಅವರ ಆಡುಗಳಿಗೆ ಬಂದದ್ದು ಯಾವ ರೋಗ ಅಂತ ಪರೀಕ್ಷೆ ಆಗಲೇ ಇಲ್ಲ. ಆದರೆ ಆಡಿನ ಶ್ವಾಸಕೋಶಕ್ಕೆ ಬೀಳುವ ಮೈಕೋಪ್ಲಾಸ್ಮಾ ಅನ್ನೋ ಬ್ಯಾಕ್ಟೀರಿಯಾಗಳಿವೆ. ಅಂಥದ್ದೊಂದನ್ನು ರಿಪೇರಿ ಮಾಡಿದವರೂ ಇದ್ದಾರೆ, ಅದೂ ಬ್ರೆಡ್ ಉಬ್ಬಿಸೋ ಯೀಸ್ಟಿನೊಳಗೆ!

ಮೈಕೋಪ್ಲಾಸ್ಮಾದ ಜೀನ್‌ಗಳನ್ನು ನೇರವಾಗಿ ತಿದ್ದೋದು ಬಹಳ ಕಷ್ಟ. ಯೀಸ್ಟಿನಲ್ಲಿ ಸಲೀಸು. ಹಾಗಾಗಿ 2009ರಲ್ಲಿ ಅಮೆರಿಕದ ಜೆ. ಕ್ರೇಗ್ ವೆಂಟರ್ ಸಂಸ್ಥೆಯವರು ಆಡಿನ ಬ್ಯಾಕ್ಟೀರಿಯಾ ಮೈಕೋಪ್ಲಾಸ್ಮಾ ಮೈಕಾಯ್ಡಿಸ್‌ನ ಇಡೀ ಜೀನೋಮನ್ನೇ, ಅಂದರೆ 10 ಲಕ್ಷಕ್ಕೂ ಹೆಚ್ಚು ಡಿಎನ್‌ಎ ಅಕ್ಷರಗಳನ್ನು, ಯೀಸ್ಟ್ ಕೋಶದೊಳಗೆ ಇಟ್ಟರು. ಅದರಲ್ಲಿ ಯೀಸ್ಟಿನದೇ ಒಂದು ಸಣ್ಣ ಡಿಎನ್‌ಎ ತುಂಡು ಸೇರಿಸಿದ್ದರಿಂದ, ಯೀಸ್ಟ್ ಅದನ್ನು ತನ್ನದೇ ಕ್ರೋಮೋಸೋಮ್ ಅಂದುಕೊಂಡು ಪ್ರತಿಸಲ ಕಾಪಿ ಮಾಡಿತು.

ಯೀಸ್ಟಿಗೇ ರೋಗ ಬರಲಿಲ್ವಾ ಅಂತ ಕೇಳಬಹುದು. ಇಲ್ಲ. ಬ್ಯಾಕ್ಟೀರಿಯಾದ 'ಇಲ್ಲಿಂದ ಶುರು ಮಾಡು' ಅನ್ನೋ ಸಂಕೇತಗಳು ಯೀಸ್ಟಿಗೆ ಸರಿಯಾಗಿ ತಿಳಿಯೋದಿಲ್ಲ. ಮೇಲಾಗಿ ಮೈಕೋಪ್ಲಾಸ್ಮಾ 'ಮುಂದುವರಿ' ಅಂತ ಓದೋ ಒಂದು ಪದವನ್ನು ಯೀಸ್ಟ್ 'ನಿಲ್ಲು' ಅಂತ ಓದುತ್ತೆ. ವಿಂಡೋಸ್ ಪ್ರೋಗ್ರಾಮನ್ನು ಲಿನಕ್ಸ್ ಮಷೀನಿಗೆ ಕಾಪಿ ಮಾಡಿದ ಹಾಗೆ: ಫೈಲ್ ಇರುತ್ತೆ, ರನ್ ಆಗಲ್ಲ.

ಅಲ್ಲೇ ತಿದ್ದಿ, ಜೀನೋಮನ್ನು ಹೊರತೆಗೆದು, ಹತ್ತಿರದ ಸಂಬಂಧಿ ಬ್ಯಾಕ್ಟೀರಿಯಾಕ್ಕೆ ಹಾಕಿದರೆ ಮೊದಮೊದಲು ಏನೂ ಆಗಲಿಲ್ಲ. ಬ್ಯಾಕ್ಟೀರಿಯಾ ತನ್ನ ಡಿಎನ್‌ಎಗೆ ರಾಸಾಯನಿಕ ಗುರುತು ಹಾಕಿಕೊಂಡಿರುತ್ತೆ. ಗುರುತಿಲ್ಲದ್ದು ಕಂಡರೆ ಕತ್ತರಿಸುತ್ತೆ. ಯೀಸ್ಟಿನಿಂದ ಬಂದ ಪ್ರತಿಗೆ ಆ ಗುರುತಿರಲಿಲ್ಲ. ಗುರುತು ಹಾಕಿ ಕಳಿಸಿದಾಗ, ಇಲ್ಲವೇ ಆ ಕತ್ತರಿಯನ್ನೇ ತೆಗೆದಾಗ, ಕೆಲಸವಾಯ್ತು. ಹಳೇ ಕೋಶ ಹೊಸ ಜೀನೋಮಿನ ಪ್ರಕಾರ ಬದುಕತೊಡಗಿತು.

2010ರಲ್ಲಿ ಅದೇ ತಂಡ ಪೂರ್ತಿ ಕೃತಕ ಜೀನೋಮನ್ನು ಯೀಸ್ಟಿನಲ್ಲೇ ಜೋಡಿಸಿತು. ಒಂದು ಮುಖ್ಯ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬಿಟ್ಟುಹೋಗಿ ಹಲವು ವಾರ ಕೆಲಸ ನಿಂತಿತ್ತಂತೆ. ಸೆಮಿಕೋಲನ್ ಮರೆತವರಿಗೆ ಈ ಸಂಕಟ ಗೊತ್ತು!

ಕಾಕಾನ ಪ್ರಶ್ನೆಗೆ ಹತ್ತಿರದ ಉತ್ತರ 2019ರದು. ಇದೇ ಯೀಸ್ಟ್ ದಾರಿಯಲ್ಲಿ ವಿಜ್ಞಾನಿಗಳು ಆಡಿನ ಬ್ಯಾಕ್ಟೀರಿಯಾದಿಂದ 68 ಜೀನ್‌ಗಳನ್ನು ತೆಗೆದರು. ಮೂಲ ತಳಿ ಕೊಟ್ಟ ಆಡುಗಳು ತೀವ್ರ ಕಾಯಿಲೆ ಬಿದ್ದವು. ತಿದ್ದಿದ ತಳಿ ಕೊಟ್ಟವು ಆರಾಮಾಗಿದ್ದವು. ಹೀಗೆ ಹಲ್ಲು ಕಿತ್ತ ಬ್ಯಾಕ್ಟೀರಿಯಾದಿಂದಲೇ ಮುಂದೆ ಲಸಿಕೆ ಮಾಡಬಹುದು ಅನ್ನೋದು ಆಸೆ.

ಇಷ್ಟೆಲ್ಲಾ ಕೇಳಿ ಕಾಕಾ ಒಂದೇ ಮಾತು ಕೇಳಿದ್ರು: "ಹಂಗಾದ್ರ ಆ ಸೂಜಿ ನಮ್ಮೂರಿಗೆ ಯಾವಾಗ ಬರ್ತೈತಿ?"

ರಿಲೀಸ್ ಡೇಟ್ ಕೇಳೋ ಕ್ಲೈಂಟಿಗೆ ನೂರು ಉತ್ತರ ಕೊಟ್ಟಿದ್ದೀನಿ. ಕಾಕಾಗೆ ಒಂದೂ ಹೊಳೀಲಿಲ್ಲ. ಮರುದಿನ ಬೆಳಿಗ್ಗೆ, ಉಳಿದ ನಾಲ್ಕನ್ನು ಹೊಡಕೊಂಡು ಇಬ್ಬರೂ ಪಶು ಆಸ್ಪತ್ರೆಗೆ ಹೋದ್ವಿ.